ಫೆರೋವಿದ್ಯುತ್ ದ್ರವ ಸ್ಫಟಿಕ: ಸ್ಥಿತಿಪಲ್ಲಟ ಮತ್ತು ಹಿಸ್ಟರೆಸಿಸ್

ಹೊರಗಿನ ವಿದ್ಯುತ್ ಕ್ಷೇತ್ರವನ್ನು ತೆಗೆದ ಮೇಲೂ ತನ್ನೊಳಗೆ ವಿದ್ಯುತ್ ಧ್ರುವೀಕರಣವನ್ನು ಉಳಿಸಿಕೊಳ್ಳುವ, ಕ್ಷೇತ್ರದ ದಿಕ್ಕನ್ನು ತಿರುಗಿಸಿದಾಗ ಧ್ರುವೀಕರಣದ ದಿಕ್ಕನ್ನೂ ಬದಲಿಸುವ ದ್ರವ ಸ್ಫಟಿಕಗಳಿಗೆ ಫೆರೋವಿದ್ಯುತ್ ದ್ರವ ಸ್ಫಟಿಕಗಳೆಂದು ಹೆಸರು. ಇವು ದ್ರವದಂತೆ ಹರಿಯುತ್ತವೆ. ಆದರೂ ಇವುಗಳ ಅಣುಗಳು ಗೊತ್ತಾದ ದಿಕ್ಕು ಹಿಡಿದು ನಿಲ್ಲುತ್ತವೆ. ಒಂದು ಸ್ಥಿರ ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವುದು ಸ್ಥಿತಿಪಲ್ಲಟ. ಹೋದ ದಾರಿಯಲ್ಲೇ ಹಿಂತಿರುಗದೆ, ಹಿಂದೆ ಇದ್ದ ಸ್ಥಿತಿಯ ಪ್ರಭಾವವನ್ನು ಹೊತ್ತುಕೊಂಡೇ ಬದಲಾಗುವ ಗುಣ ಹಿಸ್ಟರೆಸಿಸ್. ಎರಡರ ಮೂಲವೂ ಅಣುವಿನ ಆಕಾರ ಮತ್ತು ಜೋಡಣೆಯಲ್ಲಿದೆ. ಆದರೆ ಅವು ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ದ್ರವವನ್ನು ತುಂಬಿದ ಗಾಜಿನ ಕೋಶ ಬಹುಮಟ್ಟಿಗೆ ನಿರ್ಧರಿಸುತ್ತದೆ. ಕೋಶದ ದಪ್ಪ, ಗಾಜಿನ ಮೇಲಿನ ಲೇಪ, ದ್ರವದೊಳಗಿನ ಅಯಾನುಗಳು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಈ ಕ್ಷೇತ್ರದ ಸಂಶೋಧನೆಯಲ್ಲಿ ಮೈಸೂರು ಮತ್ತು ಬೆಂಗಳೂರಿನ ಪ್ರಯೋಗಾಲಯಗಳಿಗೆ ಜಾಗತಿಕ ಸ್ಥಾನವಿದೆ.

ಹಿನ್ನೆಲೆ

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ಪದಾರ್ಥ ಎರಡು ಬಾರಿ ಕರಗುವುದನ್ನು ಕಂಡರು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಮಬ್ಬು ಸ್ಥಿತಿಯನ್ನು ಜರ್ಮನಿಯ ಓಟೊ ಲೇಮನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹರಿಯುವ ಹರಳು ಎಂದು ವರ್ಣಿಸಿದರು. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಇಂಥ ಪದಾರ್ಥಗಳನ್ನು ವರ್ಗೀಕರಿಸಿದರು. ಕಡ್ಡಿಯಾಕಾರದ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಂಡಿದ್ದರೂ ಪದರಗಳಿಲ್ಲದಿದ್ದರೆ ಅದು ನೆಮ್ಯಾಟಿಕ್. ಅಣುಗಳು ಪದರಪದರವಾಗಿ ನಿಂತಿದ್ದರೆ ಸ್ಮೆಕ್ಟಿಕ್. ಸ್ಮೆಕ್ಟಿಕ್‌ನಲ್ಲಿ ಅಣುಗಳು ಪದರಕ್ಕೆ ನೆಟ್ಟಗಿದ್ದರೆ ಸ್ಮೆಕ್ಟಿಕ್-ಎ, ಓರೆಯಾಗಿದ್ದರೆ ಸ್ಮೆಕ್ಟಿಕ್-ಸಿ ಎನ್ನುವುದು ಈಗಿನ ರೂಢಿ.

ಫೆರೋವಿದ್ಯುತ್ ಗುಣದ ಚರಿತ್ರೆ ಘನ ಹರಳುಗಳಿಂದ ಆರಂಭವಾಯಿತು. 1920ರ ಹೊತ್ತಿಗೆ ಅಮೆರಿಕದ ಜೋಸೆಫ್ ವಾಲಸೆಕ್ ರೋಶೆಲ್ ಲವಣದಲ್ಲಿ ಅದನ್ನು ಗುರುತಿಸಿದರು. ದ್ರವದಲ್ಲಿಯೂ ಇಂಥ ಗುಣ ಇರಬಹುದೆಂದು ಮ್ಯಾಕ್ಸ್ ಬಾರ್ನ್ 1916ರಲ್ಲೇ ಊಹಿಸಿದ್ದರು. ಆದರೆ ಅವರು ಕಲ್ಪಿಸಿದಂಥ ನೆಮ್ಯಾಟಿಕ್ ಕೈಗೆ ಸಿಗಲು ನೂರು ವರ್ಷ ಹಿಡಿಯಿತು. ಅದಕ್ಕೆ ಮೊದಲು ದಾರಿ ತೆರೆದದ್ದು ಸ್ಮೆಕ್ಟಿಕ್-ಸಿ.

ಸಮಮಿತಿಯ ತರ್ಕ

ಸ್ಮೆಕ್ಟಿಕ್-ಸಿಯಲ್ಲಿ ಅಣುಗಳು ಓರೆಯಾಗಿರುವುದರಿಂದ ಅವು ವಾಲಿದ ಸಮತಲವೊಂದು ಇರುತ್ತದೆ. ಸಾಮಾನ್ಯ ಅಣುಗಳಾದರೆ ಆ ಸಮತಲವೇ ಕನ್ನಡಿಯಂತೆ ವರ್ತಿಸಿ ಅತ್ತಿತ್ತಲಿನ ರಚನೆಗಳು ಒಂದಕ್ಕೊಂದು ಪ್ರತಿಬಿಂಬವಾಗುತ್ತವೆ. ಹಾಗಿರುವಾಗ ಆ ಸಮತಲಕ್ಕೆ ಲಂಬವಾಗಿ ಧ್ರುವೀಕರಣ ಉಳಿಯಲಾರದು. ಒಂದು ಬದಿಗೆ ಇದ್ದಷ್ಟೇ ಇನ್ನೊಂದು ಬದಿಗೂ ಇರಬೇಕಾಗುತ್ತದೆ. ಅಣು ಕೈರಲ್ ಆಗಿದ್ದರೆ, ಅಂದರೆ ಎಡಗೈ ಬಲಗೈಗಳಂತೆ ತನ್ನ ಪ್ರತಿಬಿಂಬದ ಮೇಲೆ ಕೂರದಂಥ ಆಕಾರದ್ದಾಗಿದ್ದರೆ, ಕನ್ನಡಿ ಸಮಮಿತಿ ಮುರಿಯುತ್ತದೆ. ಆಗ ಉಳಿಯುವುದು ವಾಲಿದ ಸಮತಲಕ್ಕೆ ಲಂಬವಾದ ಒಂದೇ ಒಂದು ಎರಡು-ಮಡಿಕೆಯ ಅಕ್ಷ. ಆ ಅಕ್ಷದುದ್ದಕ್ಕೂ ಧ್ರುವೀಕರಣ ತಾನಾಗಿ ಮೂಡಲು ಅಡ್ಡಿಯಿಲ್ಲ.

ಈ ತರ್ಕವನ್ನು 1974ರಲ್ಲಿ ಮಂಡಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮೇಯರ್. ಫ್ರಾನ್ಸಿನ ಓರ್ಸೆಯ ರಸಾಯನವಿಜ್ಞಾನಿಗಳಾದ ಲೀಬೇರ್, ಸ್ಟ್ರೆಲೆಕಿ, ಕೆಲ್ಲರ್ ಅವರೊಡನೆ ಅವರು 1975ರಲ್ಲಿ ಡೋಬಾಂಬಿಸಿ ಎಂಬ ಸಂಯುಕ್ತದಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರು. ಅದರ ಧ್ರುವೀಕರಣ ಚದರ ಸೆಂಟಿಮೀಟರಿಗೆ ಕೆಲವೇ ನ್ಯಾನೋಕೂಲಂಬ್. ಬೇರಿಯಂ ಟೈಟನೇಟ್ ಹರಳಿನಲ್ಲಿ ಅದು ಸುಮಾರು 26 ಮೈಕ್ರೋಕೂಲಂಬ್, ಎಂದರೆ ಸಾವಿರಾರು ಪಟ್ಟು ಹೆಚ್ಚು. ಆದರೆ ದ್ರವದಲ್ಲಿ ಅಣುಗಳು ಹೊರಳಲು ಅಡೆತಡೆ ಬಹಳ ಕಡಿಮೆ. ಆದ್ದರಿಂದ ಇಷ್ಟು ಅಲ್ಪ ಧ್ರುವೀಕರಣವೂ ಕೆಲವೇ ವೋಲ್ಟ್‌ಗಳಿಗೆ ಚುರುಕಾಗಿ ಸ್ಪಂದಿಸುತ್ತದೆ.

ಸುರುಳಿ ಮತ್ತು ತೆಳು ಕೋಶ

ಕೈರಲ್ ಗುಣ ಧ್ರುವೀಕರಣವನ್ನು ಕೊಡುವುದರ ಜೊತೆಗೆ ತೊಡಕನ್ನೂ ತರುತ್ತದೆ. ಪದರದಿಂದ ಪದರಕ್ಕೆ ಅಣುಗಳ ವಾಲು ತುಸುತುಸುವೇ ತಿರುಗುತ್ತ ಸುರುಳಿಯಾಗುತ್ತದೆ. ಹಲವು ಪದಾರ್ಥಗಳಲ್ಲಿ ಒಂದು ಸುತ್ತು ಪೂರ್ಣವಾಗಲು ಕೆಲವು ಮೈಕ್ರೋಮೀಟರ್ ಸಾಕು. ಒಂದು ಸುತ್ತಿನಲ್ಲಿ ಧ್ರುವೀಕರಣ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚಿಹೋಗುವುದರಿಂದ ಒಟ್ಟು ಮೊತ್ತ ಸೊನ್ನೆ. ಕ್ಷೇತ್ರ ಹಚ್ಚಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ತೆಗೆದರೆ ಮತ್ತೆ ಸುತ್ತಿಕೊಳ್ಳುತ್ತದೆ. ನೆನಪು ಉಳಿಯುವುದಿಲ್ಲ.

1980ರಲ್ಲಿ ಅಮೆರಿಕದ ನೋಯೆಲ್ ಕ್ಲಾರ್ಕ್ ಮತ್ತು ಸ್ವೀಡನ್ನಿನ ಸ್ವೆನ್ ಲಾಗರ್‌ವಾಲ್ ಇದಕ್ಕೆ ಪರಿಹಾರ ಕಂಡುಕೊಂಡರು. ಸುರುಳಿಯ ಒಂದು ಸುತ್ತಿಗಿಂತ ತೆಳುವಾದ, ಒಂದೆರಡು ಮೈಕ್ರೋಮೀಟರ್ ದಪ್ಪದ ಕೋಶದಲ್ಲಿ, ಗಾಜಿನ ಫಲಕಗಳಿಗೆ ಲಂಬವಾಗಿ ಪದರಗಳು ನಿಲ್ಲುವಂತೆ ದ್ರವವನ್ನು ತುಂಬಿದರು. ಫಲಕಗಳ ಮೇಲ್ಮೈ ಅಣುಗಳನ್ನು ತನ್ನ ಸಮತಲದಲ್ಲಿ ಹಿಡಿಯುವುದರಿಂದ ಸುರುಳಿ ಮೂಡಲು ಎಡೆಯೇ ಇಲ್ಲ. ಉಳಿಯುವುದು ಎರಡೇ ಸ್ಥಿತಿಗಳು: ಧ್ರುವೀಕರಣ ಮೇಲಿನ ಫಲಕದತ್ತ, ಇಲ್ಲವೇ ಕೆಳಗಿನ ಫಲಕದತ್ತ. ಎರಡರ ಶಕ್ತಿಯೂ ಸಮ. ಒಂದರಿಂದ ಇನ್ನೊಂದಕ್ಕೆ ದೂಡಲು ಕ್ಷೇತ್ರ ಬೇಕು, ಅಲ್ಲೇ ಉಳಿಯಲು ಬೇಡ. ಇಂದಿಗೂ ಬಹುಪಾಲು ಸ್ಥಿತಿಪಲ್ಲಟ ಪ್ರಯೋಗಗಳು ಈ ಮಾದರಿಯ ಕೋಶಗಳಲ್ಲೇ ನಡೆಯುತ್ತವೆ.

ಸ್ಥಿತಿಪಲ್ಲಟದ ಬಗೆ ಮತ್ತು ವೇಗ

ಪದರದೊಳಗೆ ಅಣುವಿನ ವಾಲು ಕೋನವನ್ನು ತಾಪ ನಿರ್ಧರಿಸುತ್ತದೆ. ಸಾಧಾರಣ ಕ್ಷೇತ್ರ ಅದನ್ನು ಹೆಚ್ಚು ಬದಲಿಸಲಾರದು. ಆದ್ದರಿಂದ ಅಣು ವಾಲನ್ನು ಉಳಿಸಿಕೊಂಡೇ ಒಂದು ಶಂಕುವಿನ ಮೈಮೇಲೆ ಸುತ್ತಿ ಎದುರು ಬದಿಗೆ ಹೋಗುತ್ತದೆ. ಒರಳಿನಲ್ಲಿ ರುಬ್ಬುವಾಗ ಗುಂಡುಕಲ್ಲಿನ ಬುಡ ಗುಣಿಯಲ್ಲೇ ಇದ್ದು ಓರೆಯಾದ ತಲೆ ವೃತ್ತಾಕಾರವಾಗಿ ಸುತ್ತುವ ಚಲನೆಯೇ ಇದು. ಇಲ್ಲಿ ಅರ್ಧ ಸುತ್ತಿಗೆ ಒಂದು ಸ್ಥಿತಿಪಲ್ಲಟ ಮುಗಿಯುತ್ತದೆ. ಕೋಶವನ್ನು ಮೇಲಿನಿಂದ ನೋಡಿದರೆ ಅಣುಗಳ ಅಕ್ಷ ವಾಲು ಕೋನದ ಎರಡರಷ್ಟು ತಿರುಗಿರುತ್ತದೆ. ವಾಲು 22.5 ಡಿಗ್ರಿ ಇದ್ದರೆ ಅಕ್ಷ ತಿರುಗುವುದು 45 ಡಿಗ್ರಿ. ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಕೋಶವನ್ನಿಟ್ಟು, ಒಂದು ಸ್ಥಿತಿಯಲ್ಲಿ ಕತ್ತಲೆ ಬರುವಂತೆ ಹೊಂದಿಸಿದರೆ ಇನ್ನೊಂದರಲ್ಲಿ ಗರಿಷ್ಠ ಬೆಳಕು ಹಾಯುತ್ತದೆ.

ಮಾಮೂಲಿ ನೆಮ್ಯಾಟಿಕ್ ಪರದೆಗಳಲ್ಲಿ ಕ್ಷೇತ್ರದ ಪರಿಣಾಮ ಅದರ ವರ್ಗವನ್ನು ಅವಲಂಬಿಸಿರುವುದರಿಂದ ಧನ, ಋಣ ವೋಲ್ಟೇಜ್‌ಗಳ ನಡುವೆ ವ್ಯತ್ಯಾಸವಿಲ್ಲ. ವೋಲ್ಟೇಜ್ ಅಣುವನ್ನು ಒಂದೇ ಕಡೆಗೆ ಒತ್ತಬಲ್ಲದು. ಹಿಂತಿರುಗುವಾಗ ಅಣು ತನ್ನ ಸ್ಥಿತಿಸ್ಥಾಪಕತೆಯನ್ನೇ ನಂಬಬೇಕು. ಅದಕ್ಕೆ ಹಲವು ಮಿಲಿಸೆಕೆಂಡುಗಳು ಬೇಕು. ಫೆರೋವಿದ್ಯುತ್ ದ್ರವದಲ್ಲಿ ಧ್ರುವೀಕರಣ ಕ್ಷೇತ್ರದ ಚಿಹ್ನೆಗೇ ನೇರವಾಗಿ ಸ್ಪಂದಿಸುವುದರಿಂದ ಎರಡೂ ಕಡೆಯ ಪಯಣವನ್ನು ಕ್ಷೇತ್ರವೇ ನಡೆಸುತ್ತದೆ. ತಗಲುವ ಸಮಯ ಸ್ಥೂಲವಾಗಿ ಸ್ನಿಗ್ಧತೆಯನ್ನು ಧ್ರುವೀಕರಣ ಮತ್ತು ಕ್ಷೇತ್ರಗಳ ಗುಣಲಬ್ಧದಿಂದ ಭಾಗಿಸಿದಷ್ಟು. ಉದಾಹರಣೆಗೆ ಧ್ರುವೀಕರಣ ಚದರ ಸೆಂಟಿಮೀಟರಿಗೆ 50 ನ್ಯಾನೋಕೂಲಂಬ್, ಸ್ನಿಗ್ಧತೆ 0.1 ಪ್ಯಾಸ್ಕಲ್-ಸೆಕೆಂಡ್ ಇರುವ ದ್ರವವನ್ನು 2 ಮೈಕ್ರೋಮೀಟರ್ ಕೋಶದಲ್ಲಿ ತುಂಬಿ 10 ವೋಲ್ಟ್ ಹಚ್ಚಿದರೆ ಈ ಲೆಕ್ಕಕ್ಕೆ 40 ಮೈಕ್ರೋಸೆಕೆಂಡ್ ಬರುತ್ತದೆ. ತಾಪ ಇಳಿದಂತೆ ಸ್ನಿಗ್ಧತೆ ಧ್ರುವೀಕರಣಕ್ಕಿಂತ ವೇಗವಾಗಿ ಏರುವುದರಿಂದ ತಣ್ಣನೆಯ ಕೋಶ ನಿಧಾನವಾಗಿ ಹೊರಳುತ್ತದೆ.

ಈ ಲೆಕ್ಕ ಇಡೀ ಕೋಶ ಒಟ್ಟಿಗೆ ಹೊರಳುತ್ತದೆಂದು ಭಾವಿಸಿ ಮಾಡಿದ್ದು. ಕ್ಷೇತ್ರ ದುರ್ಬಲವಾಗಿದ್ದಾಗ ನಡೆಯುವುದೇ ಬೇರೆ. ದೋಷವಿರುವ ಜಾಗಗಳಲ್ಲಿ ಹೊಸ ಸ್ಥಿತಿಯ ಪುಟ್ಟ ವಲಯಗಳು ಮೊಳೆಯುತ್ತವೆ, ಅವುಗಳ ಅಂಚುಗಳು ಸರಿಯುತ್ತ ಹಳೆಯ ಸ್ಥಿತಿಯನ್ನು ಆಕ್ರಮಿಸುತ್ತವೆ. ಪೋಲರಾಯ್ಡ್ ಸೂಕ್ಷ್ಮದರ್ಶಕದಲ್ಲಿ ಈ ವಲಯಗಳು ದೋಣಿಯಾಕಾರದಲ್ಲಿ ಬೆಳೆಯುವುದನ್ನು ಕಣ್ಣಾರೆ ನೋಡಬಹುದು.

ಹಿಸ್ಟರೆಸಿಸ್ ಕುಣಿಕೆ

ಕ್ಷೇತ್ರವನ್ನು ಅಡ್ಡ ಅಕ್ಷದ ಮೇಲೂ ಧ್ರುವೀಕರಣವನ್ನು ಲಂಬ ಅಕ್ಷದ ಮೇಲೂ ಗುರುತಿಸಿ ಕ್ಷೇತ್ರವನ್ನು ಏರಿಳಿಸಿದರೆ ಮುಚ್ಚಿದ ಕುಣಿಕೆಯೊಂದು ಮೂಡುತ್ತದೆ. ಕ್ಷೇತ್ರ ಎಷ್ಟೇ ಏರಿದರೂ ಧ್ರುವೀಕರಣ ಮುಂದೆ ಏರದ ಹಂತ ಸಂತೃಪ್ತಿ. ಕ್ಷೇತ್ರ ಸೊನ್ನೆಗೆ ಬಂದಾಗ ಉಳಿದಿರುವುದು ಉಳಿಕೆ ಧ್ರುವೀಕರಣ. ಅದನ್ನು ಸೊನ್ನೆಗಿಳಿಸಲು ಹಚ್ಚಬೇಕಾದ ವಿರುದ್ಧ ಕ್ಷೇತ್ರಕ್ಕೆ ನಿಗ್ರಹ ಕ್ಷೇತ್ರವೆನ್ನಬಹುದು. ಕುಣಿಕೆಯ ವಿಸ್ತೀರ್ಣ ಒಂದು ಆವರ್ತದಲ್ಲಿ ಪ್ರತಿ ಘನಮಾನಕ್ಕೆ ಶಾಖವಾಗಿ ಹೋಗುವ ಶಕ್ತಿಯನ್ನು ತಿಳಿಸುತ್ತದೆ.

ಕುಣಿಕೆಯ ಆಕಾರವನ್ನು ರೂಪಿಸುವ ಕಾರಣಗಳು ಹಲವು.

ಮೊದಲನೆಯದು ತಾಪ. ಸ್ಮೆಕ್ಟಿಕ್-ಸಿಯಿಂದ ಸ್ಮೆಕ್ಟಿಕ್-ಎಗೆ ಸಂಕ್ರಮಿಸುವ ತಾಪದತ್ತ ಸಾಗಿದಂತೆ ವಾಲು ಕೋನ ಕುಗ್ಗುತ್ತದೆ, ಧ್ರುವೀಕರಣವೂ ಇಳಿಯುತ್ತದೆ, ಕುಣಿಕೆ ಸಣ್ಣದಾಗಿ ಕಡೆಗೆ ಗೆರೆಯಾಗುತ್ತದೆ. ಸ್ಮೆಕ್ಟಿಕ್-ಎಯಲ್ಲಿಯೂ ಕೈರಲ್ ಅಣುಗಳು ಕ್ಷೇತ್ರಕ್ಕೆ ಸ್ಪಂದಿಸಿ ತುಸು ವಾಲುತ್ತವೆ. 1977ರಲ್ಲಿ ಗರಾಫ್ ಮತ್ತು ಮೇಯರ್ ತೋರಿಸಿದ ಈ ಎಲೆಕ್ಟ್ರೋಕ್ಲಿನಿಕ್ ಪರಿಣಾಮ ಅತಿ ವೇಗದ್ದು, ಆದರೆ ಅದಕ್ಕೆ ನೆನಪಿಲ್ಲ.

ಎರಡನೆಯದು ಆವೃತ್ತಿ. ಕ್ಷೇತ್ರವನ್ನು ಬೇಗಬೇಗ ತಿರುಗಿಸಿದರೆ ಅಣುಗಳು ಹಿಂದೆ ಬೀಳುತ್ತವೆ, ನಿಗ್ರಹ ಕ್ಷೇತ್ರ ಹೆಚ್ಚುತ್ತದೆ, ಕುಣಿಕೆ ಅಗಲವಾಗುತ್ತದೆ. ಹೀಗಾಗಿ ಒಂದು ಪದಾರ್ಥಕ್ಕೆ ಒಂದೇ ನಿಗ್ರಹ ಕ್ಷೇತ್ರವೆಂಬುದಿಲ್ಲ. ಅಳೆದ ಆವೃತ್ತಿಯನ್ನು ಹೇಳದೆ ಕೊಟ್ಟ ಬೆಲೆಗೆ ಅರ್ಥವಿಲ್ಲ.

ಮೂರನೆಯದು ಪದರಗಳ ರಚನೆ. ಸ್ಮೆಕ್ಟಿಕ್-ಎಯಿಂದ ತಣಿಸಿದಾಗ ಅಣುಗಳು ವಾಲುವುದರಿಂದ ಪದರಗಳು ತೆಳ್ಳಗಾಗುತ್ತವೆ. ಆದರೆ ಗಾಜಿಗೆ ಅಂಟಿಕೊಂಡ ಕಡೆ ಅವುಗಳ ನಡುವಿನ ಹಳೆಯ ಅಂತರ ಹಾಗೇ ಉಳಿಯುತ್ತದೆ. ಎರಡನ್ನೂ ಹೊಂದಿಸಿಕೊಳ್ಳಲು ಪದರಗಳು ಕೋಶದ ನಡುವೆ ಮಡಚಿಕೊಂಡು ಬಾಣದ ತುದಿಯ ಆಕಾರ ತಾಳುತ್ತವೆ. ಕ್ಲಾರ್ಕ್ ತಂಡ 1987ರಲ್ಲಿ ಎಕ್ಸ್-ಕಿರಣಗಳಿಂದ ಇದನ್ನು ಪತ್ತೆಹಚ್ಚಿತು. ನೆಟ್ಟನೆಯ ಪದರಗಳ ಸರಳ ಚಿತ್ರ ಅಲ್ಲಿಗೆ ತಿದ್ದುಪಡಿಯಾಯಿತು. ಮಡಿಕೆಯ ದಿಕ್ಕು ಬದಲಾಗುವ ಕಡೆ ಅಂಕುಡೊಂಕಾದ ದೋಷರೇಖೆಗಳು ಮೂಡುತ್ತವೆ. ಎರಡು ಸ್ಥಿರ ಸ್ಥಿತಿಗಳನ್ನು ಹಿಡಿದಿಡುವ ಕೆಲಸದಲ್ಲಿ ಮಡಿಕೆಯ ತಾಣಕ್ಕೂ ದೊಡ್ಡ ಪಾಲಿದೆ.

ನಾಲ್ಕನೆಯದು ಮೇಲ್ಮೈ ಮತ್ತು ಅಯಾನುಗಳು. ಎರಡು ಫಲಕಗಳ ಲೇಪ ಒಂದೇ ಬಗೆಯದಾಗಿಲ್ಲದಿದ್ದರೆ ಒಂದು ಸ್ಥಿತಿಗೆ ಒಲವು ಹೆಚ್ಚಿ ಕುಣಿಕೆ ಪಕ್ಕಕ್ಕೆ ಸರಿಯುತ್ತದೆ. ದ್ರವದಲ್ಲಿ ಕಲಬೆರಕೆಯಾಗಿರುವ ಅಯಾನುಗಳು ಧ್ರುವೀಕರಣದ ವಿದ್ಯುದಂಶದತ್ತ ಸಾಗಿ ಅದನ್ನು ಮರೆಮಾಡುತ್ತವೆ. ಕೋಶವನ್ನು ಒಂದೇ ಸ್ಥಿತಿಯಲ್ಲಿ ಬಹುಕಾಲ ಬಿಟ್ಟರೆ ಅಯಾನುಗಳು ಅಲ್ಲೇ ನೆಲೆಗೊಂಡು ಆ ಸ್ಥಿತಿಯನ್ನು ಭದ್ರಪಡಿಸುತ್ತವೆ. ಪರದೆಯ ಮೇಲೆ ಹಳೆಯ ಚಿತ್ರದ ನೆರಳು ಉಳಿಯಲು ಇದೊಂದು ಕಾರಣ. ಅದನ್ನು ತಪ್ಪಿಸಲು ಧನ, ಋಣ ಸ್ಪಂದಗಳ ಸರಾಸರಿ ಸೊನ್ನೆಯಾಗುವಂತೆ ವೋಲ್ಟೇಜ್ ಹಚ್ಚುತ್ತಾರೆ.

ಅಳತೆಯ ವಿಧಾನಗಳು

ಸಾಯರ್ ಮತ್ತು ಟವರ್ 1930ರಲ್ಲಿ ರೋಶೆಲ್ ಲವಣಕ್ಕಾಗಿ ರೂಪಿಸಿದ ಸರ್ಕಿಟ್ಟಿನಲ್ಲಿ ಮಾದರಿಯ ಜೊತೆ ಗೊತ್ತಾದ ಕೆಪಾಸಿಟರ್ ಒಂದನ್ನು ಸರಣಿಯಲ್ಲಿ ಜೋಡಿಸಿ, ಅದರಲ್ಲಿ ಶೇಖರವಾದ ವಿದ್ಯುದಂಶದಿಂದ ಧ್ರುವೀಕರಣವನ್ನು ಅಳೆಯುತ್ತಾರೆ. ದ್ರವ ಸ್ಫಟಿಕಗಳಿಗೆ ಹೆಚ್ಚು ಒಗ್ಗಿದ್ದು 1983ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ತ್ರಿಕೋನ ತರಂಗ ವಿಧಾನ. ವೋಲ್ಟೇಜನ್ನು ಒಂದೇ ವೇಗದಲ್ಲಿ ಏರಿಸಿ ಇಳಿಸಿದಾಗ ಹರಿಯುವ ಕರೆಂಟಿನಲ್ಲಿ ಮೂರು ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ಕೆಪಾಸಿಟರಿನದು ಸಮತಟ್ಟು, ಅಯಾನುಗಳ ವಹನದ್ದು ಓರೆ ಗೆರೆ, ಧ್ರುವೀಕರಣ ಹೊರಳುವಾಗಿನದು ಗುಡ್ಡದಂಥ ಶೃಂಗ. ಶೃಂಗದ ಕೆಳಗಿನ ವಿಸ್ತೀರ್ಣವನ್ನು ಕೋಶದ ವಿಸ್ತೀರ್ಣದ ಎರಡರಷ್ಟರಿಂದ ಭಾಗಿಸಿದರೆ ಧ್ರುವೀಕರಣ ದೊರೆಯುತ್ತದೆ.

ಕುಣಿಕೆ ಕಂಡ ಮಾತ್ರಕ್ಕೆ ಪದಾರ್ಥ ಫೆರೋವಿದ್ಯುತ್ ಎಂದು ತೀರ್ಮಾನಿಸಬಾರದು. ಕರೆಂಟು ಸೋರುವ ಯಾವ ಕೆಪಾಸಿಟರೂ ಕುಣಿಕೆ ಬಿಡಿಸಬಲ್ಲದು. ಬ್ರಿಟನ್ನಿನ ಜೆ.ಎಫ್. ಸ್ಕಾಟ್ 2008ರಲ್ಲಿ ಬಾಳೆಹಣ್ಣಿನ ಸಿಪ್ಪೆಯಿಂದ ಇಂಥ ಕುಣಿಕೆಯನ್ನು ಪಡೆದು ಪ್ರಕಟಿಸಿ ಸಂಶೋಧಕರನ್ನು ಎಚ್ಚರಿಸಿದರು. ಅಯಾನುಗಳು ತುಂಬಿರುವ ದ್ರವ ಸ್ಫಟಿಕಗಳಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಕುಣಿಕೆಯ ಇತರ ರೂಪಗಳು

1988–89ರಲ್ಲಿ ಟೋಕಿಯೋ ತಂತ್ರಜ್ಞಾನ ಸಂಸ್ಥೆಯಲ್ಲಿ ಶ್ರೀಲಂಕಾದ ಚಾಂದನಿ, ಜಪಾನಿನ ಫುಕುಡಾ, ತಾಕೆಝೋಯೆ ಮತ್ತು ಸಂಗಡಿಗರು ಮೂರು ಸ್ಥಿತಿಗಳ ಸ್ಥಿತಿಪಲ್ಲಟವನ್ನು ಗುರುತಿಸಿದರು. ಅಲ್ಲಿ ಅಕ್ಕಪಕ್ಕದ ಪದರಗಳು ಎದುರುಬದುರಾಗಿ ವಾಲಿ ಧ್ರುವೀಕರಣಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇದು ಪ್ರತಿಫೆರೋವಿದ್ಯುತ್ ಸ್ಥಿತಿ. ಕ್ಷೇತ್ರ ಒಂದು ಮಿತಿ ದಾಟಿದಾಗ ಪದರಗಳೆಲ್ಲ ಒಂದೇ ಕಡೆಗೆ ಹೊರಳುತ್ತವೆ, ಕ್ಷೇತ್ರ ಇಳಿದಾಗ ಮರಳಿ ಎದುರುಬದುರಾಗುತ್ತವೆ. ಆಗ ಸೊನ್ನೆಯ ಎರಡೂ ಬದಿಗೆ ಒಂದೊಂದು ಕುಣಿಕೆ ಮೂಡುತ್ತದೆ. ತ್ರಿಕೋನ ತರಂಗದ ಅರ್ಧ ಆವರ್ತದಲ್ಲಿ ಒಂದರ ಬದಲು ಎರಡು ಶೃಂಗಗಳು ಕಾಣುತ್ತವೆ.

ಧ್ರುವೀಕರಣ ಬಹಳ ಹೆಚ್ಚಿರುವ ಕೆಲವು ದ್ರವಗಳಲ್ಲಿ ಮಿತಿಯೂ ಇಲ್ಲದೆ, ಕುಣಿಕೆಯೂ ಕಾಣದೆ ಬೆಳಕಿನ ಹಾಯುವಿಕೆ ವೋಲ್ಟೇಜಿನೊಂದಿಗೆ ಸಮವಾಗಿ ಏರುತ್ತದೆ. 1990ರ ದಶಕದಲ್ಲಿ ಗಮನ ಸೆಳೆದ ಈ ವರ್ತನೆ ಪದಾರ್ಥದ್ದೇ ಗುಣವೆಂದು ಮೊದಲು ತೋರಿತ್ತು. ಧ್ರುವೀಕರಣ, ಲೇಪದ ಕೆಪಾಸಿಟೆನ್ಸ್, ಅಯಾನುಗಳು ಸೇರಿಯೇ ಇದು ಒದಗುತ್ತದೆಂದೂ ಆವೃತ್ತಿ ಬದಲಿಸಿದರೆ ಕುಣಿಕೆ ಮರಳಿ ಕಾಣುತ್ತದೆಂದೂ ಮುಂದಿನ ಅಧ್ಯಯನಗಳು ತೋರಿಸಿದವು.

ಮೈಸೂರು ಮತ್ತು ಬೆಂಗಳೂರಿನ ಸಂಶೋಧನೆ

ಭಾರತದಲ್ಲಿ ಈ ವಿಜ್ಞಾನಕ್ಕೆ ಗಟ್ಟಿ ನೆಲೆ ಒದಗಿಸಿದವರು ಎಸ್. ಚಂದ್ರಶೇಖರ್ (1930–2004). ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1961ರಿಂದ ಭೌತವಿಜ್ಞಾನ ವಿಭಾಗವನ್ನು ಕಟ್ಟಿದ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯವನ್ನು ಆರಂಭಿಸಿದರು. ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ಅವರು ಪ್ರಕಟಿಸಿದ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕ, ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಈ ಸ್ಥಿತಿ ಸಾಧ್ಯವೆಂಬ ನಂಬಿಕೆಯನ್ನು ಕೊನೆಗಾಣಿಸಿತು. 1982ರ ಒಂಬತ್ತನೆಯ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. 1991ರಲ್ಲಿ ಅವರು ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ನೀಡಿದ ಕಟ್ಟಡದಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅದೇ ಬೆಳೆದು ಇಂದು ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಗಿದೆ.

ಫೆರೋವಿದ್ಯುತ್ ಸ್ಥಿತಿಯ ಕುರಿತು ಇಲ್ಲಿ ನಡೆದ ಕೆಲಸದಲ್ಲಿ ಮೂರು ಎಳೆಗಳು ಮುಖ್ಯ. ಮೊದಲನೆಯದು ಸಂಕ್ರಮಣದ ಸ್ವರೂಪ. ಬಿ.ಆರ್. ರತ್ನ, ಆರ್. ಶಶಿಧರ್, ಗೀತಾ ನಾಯರ್, ಎಸ್. ಕೃಷ್ಣಪ್ರಸಾದ್ ಅವರು ಬರ್ಲಿನ್ನಿನ ಬಾಹ್ರ್ ಮತ್ತು ಹೆಪ್ಕೆ ಅವರೊಡಗೂಡಿ 1988ರಲ್ಲಿ, ಸ್ಮೆಕ್ಟಿಕ್-ಎಯಿಂದ ಕೈರಲ್ ಸ್ಮೆಕ್ಟಿಕ್-ಸಿಗೆ ಆಗುವ ಬದಲಾವಣೆ ಕೆಲವು ಪದಾರ್ಥಗಳಲ್ಲಿ ಮೆಲ್ಲಗಾಗದೆ ಹಠಾತ್ತನೆ ಆಗುತ್ತದೆಂದು ತೋರಿಸಿದರು. ಇಂಥ ಪದಾರ್ಥಗಳಲ್ಲಿ ಸಂಕ್ರಮಣ ತಾಪಕ್ಕಿಂತ ತುಸು ಮೇಲೆ ಕ್ಷೇತ್ರವೇ ಅಣುಗಳನ್ನು ಒಮ್ಮೆಲೇ ವಾಲಿಸಬಲ್ಲದು. ಆಗ ಪ್ರತಿಫೆರೋವಿದ್ಯುತ್ ಅಲ್ಲದಿದ್ದರೂ ಜೋಡಿ ಕುಣಿಕೆ ಕಾಣಬಹುದು.

ಎರಡನೆಯದು ಬಾಗಿದ ಅಣುಗಳು. 1996ರಲ್ಲಿ ಜಪಾನಿನ ನಿಯೋರಿ ಮತ್ತು ಸಂಗಡಿಗರು ಕೈರಲ್ ಅಲ್ಲದ, ಬಾಳೆಹಣ್ಣಿನಂತೆ ಬಾಗಿದ ಅಣುಗಳಲ್ಲಿ ಧ್ರುವೀಯ ಸ್ಥಿತಿಪಲ್ಲಟವನ್ನು ಕಂಡರು. ಬಾಗಿದ ಅಣುಗಳು ಒಂದರೊಳಗೊಂದು ಕೂರಲು ಒಂದೇ ಕಡೆಗೆ ಮುಖಮಾಡಬೇಕಾದ್ದರಿಂದ ಧ್ರುವೀಕರಣ ತಾನಾಗಿ ಬರುತ್ತದೆ. ಸದಾಶಿವ ಅವರ ತಂಡ ಇಂಥ ಅನೇಕ ಸಂಯುಕ್ತಗಳನ್ನು ಬೆಂಗಳೂರಿನಲ್ಲಿ ತಯಾರಿಸಿತು. ಆರ್. ಪ್ರತಿಭಾ, ಎನ್.ವಿ. ಮಧುಸೂದನ, ಸದಾಶಿವ ಅವರು ಬಾಗಿದ ಅಣುಗಳನ್ನು ಕಡ್ಡಿಯಾಕಾರದ ಅಣುಗಳೊಡನೆ ಬೆರೆಸಿ ನಡೆಸಿದ ಅಧ್ಯಯನ 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಶುದ್ಧ ಸಂಯುಕ್ತವೊಂದರಲ್ಲೇ ದ್ವಿಅಕ್ಷೀಯ ಸ್ಮೆಕ್ಟಿಕ್-ಎ ಸ್ಥಿತಿಯನ್ನು ಅವರು ವರದಿ ಮಾಡಿದರು. ಆ ಬಳಗದಲ್ಲಿದ್ದ ಆರ್. ಅಮರನಾಥ ರೆಡ್ಡಿ ಮುಂದೆ ಕ್ಲಾರ್ಕ್ ತಂಡದ ಜೊತೆ, ಅಣುಗಳು ವಾಲದೆ ನೆಟ್ಟಗಿದ್ದೂ ಫೆರೋವಿದ್ಯುತ್ ಆಗಿರುವ ಸ್ಮೆಕ್ಟಿಕ್ ಒಂದನ್ನು 2011ರಲ್ಲಿ ಪ್ರಕಟಿಸಿದರು.

ಮೂರನೆಯ ಎಳೆ ನೆಮ್ಯಾಟಿಕ್‌ಗೆ ಸಂಬಂಧಿಸಿದ್ದು. ಪ್ರಬಲ ದ್ವಿಧ್ರುವವಿರುವ ಅಣುಗಳು ನೆರೆಯವುಗಳೊಡನೆ ತಲೆಗೆ ಕಾಲಾಗಿ ಮಲಗಲು ಒಲಿಯುತ್ತವೆಂದು ಮಧುಸೂದನ ಮತ್ತು ಚಂದ್ರಶೇಖರ್ 1973ರ ಬೆಂಗಳೂರು ಸಮ್ಮೇಳನದ ಸಂಪುಟದಲ್ಲಿ ವಾದಿಸಿದ್ದರು. ಸಾಮಾನ್ಯ ನೆಮ್ಯಾಟಿಕ್ ಏಕೆ ಫೆರೋವಿದ್ಯುತ್ ಆಗುವುದಿಲ್ಲ ಎಂಬುದನ್ನು ಅರಿಯಲು ಆ ವಿವರಣೆ ನೆರವಾಗುತ್ತದೆ. 2017ರಲ್ಲಿ ಜಪಾನ್ ಮತ್ತು ಬ್ರಿಟನ್ನಿನಲ್ಲಿ ಪ್ರತ್ಯೇಕವಾಗಿ ತಯಾರಾದ ಎರಡು ಸಂಯುಕ್ತಗಳು ಅಪವಾದಗಳಾಗಿ ನಿಂತವು. 2020ರಲ್ಲಿ ಅವುಗಳಲ್ಲೊಂದು ನಿಜವಾದ ಫೆರೋವಿದ್ಯುತ್ ನೆಮ್ಯಾಟಿಕ್ ಎಂದು ಕ್ಲಾರ್ಕ್ ತಂಡ ಸಾಧಿಸಿತು. ಧ್ರುವೀಕರಣ ಚದರ ಸೆಂಟಿಮೀಟರಿಗೆ ಸುಮಾರು 6 ಮೈಕ್ರೋಕೂಲಂಬ್, ಡೋಬಾಂಬಿಸಿಗಿಂತ ಸಾವಿರ ಪಟ್ಟಿನ ಆಸುಪಾಸು. ಇದು ಹೇಗೆ ಸಾಧ್ಯವೆಂಬುದಕ್ಕೆ ಮಧುಸೂದನ 2021ರಲ್ಲಿ ಸರಳ ಮಾದರಿಯೊಂದನ್ನು ಮುಂದಿಟ್ಟರು. ಅಣುವಿನ ಉದ್ದಕ್ಕೂ ಧನ, ಋಣ ವಿದ್ಯುದಂಶಗಳು ಅಲೆಯಂತೆ ಸರದಿಯಲ್ಲಿ ಹರಡಿದ್ದರೆ, ನೆರೆಯ ಅಣು ತುಸು ಮುಂದೆ ಸರಿದು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವುದೇ ಕಡಿಮೆ ಶಕ್ತಿಯ ಸ್ಥಿತಿಯಾಗುತ್ತದೆ. ಅಣುಗಳು ತಲೆಗೆ ಕಾಲಾಗುವ ಕಾರಣವನ್ನು ತೋರಿಸಿಕೊಟ್ಟ ವಿಜ್ಞಾನಿಯೇ ಸುಮಾರು ಐದು ದಶಕಗಳ ಮೇಲೆ ಅವು ಒಂದೇ ಕಡೆಗೆ ನಿಲ್ಲುವ ಕಾರಣವನ್ನೂ ವಿವರಿಸಿದ್ದು ಕನ್ನಡ ನಾಡಿನ ವಿಜ್ಞಾನಕ್ಕೆ ಹೆಮ್ಮೆಯ ಸಂಗತಿ.

ಬಳಕೆ

ಕೋಶಕ್ಕೆ ನೆನಪಿದ್ದರೆ ಪರದೆಯ ಪ್ರತಿ ಬಿಂದುವಿಗೂ ಟ್ರಾನ್ಸಿಸ್ಟರ್ ಬೇಡ. ಸಾಲುಸಾಲಾಗಿ ಬರೆದರೆ ಚಿತ್ರ ಉಳಿಯುತ್ತದೆ. ಈ ಭರವಸೆಯ ಮೇಲೆ ಜಪಾನಿನ ಕ್ಯಾನನ್ 1990ರ ದಶಕದ ನಡುವೆ 15 ಇಂಚಿನ ಪರದೆಯನ್ನು ಮಾರುಕಟ್ಟೆಗೆ ತಂದಿತು. ಆದರೆ ಸಾಲಿಗೆ 50 ಮೈಕ್ರೋಸೆಕೆಂಡ್ ಹಿಡಿದರೂ ಸಾವಿರ ಸಾಲುಗಳಿಗೆ 50 ಮಿಲಿಸೆಕೆಂಡ್ ಬೇಕು, ಎಂದರೆ ಸೆಕೆಂಡಿಗೆ 20 ಚಿತ್ರ ಮಾತ್ರ. ಎರಡೇ ಸ್ಥಿತಿಗಳಿರುವುದರಿಂದ ಕಪ್ಪು–ಬಿಳುಪಿನ ನಡುವಿನ ಛಾಯೆಗಳನ್ನು ತೋರಿಸುವುದು ಕಷ್ಟ. ಒತ್ತಿದರೆ ಪದರಗಳು ಕದಡುತ್ತವೆ. ಒಂದೆರಡು ಮೈಕ್ರೋಮೀಟರ್ ಅಂತರವನ್ನು ದೊಡ್ಡ ಗಾಜಿನುದ್ದಕ್ಕೂ ಕಾಯ್ದುಕೊಳ್ಳುವುದೂ ಸುಲಭವಲ್ಲ. ಟ್ರಾನ್ಸಿಸ್ಟರ್ ಜೋಡಿಸಿದ ನೆಮ್ಯಾಟಿಕ್ ಪರದೆಗಳೇ ಗೆದ್ದವು. ಸಿಲಿಕಾನ್ ಚಿಪ್ಪಿನ ಮೇಲೆ ದ್ರವವನ್ನು ಹರಡಿದ ಪುಟ್ಟ ಪರದೆಗಳಲ್ಲಿ ಈ ತೊಡಕುಗಳು ಕಡಿಮೆ. ಅಮೆರಿಕದ ಡಿಸ್ಪ್ಲೇಟೆಕ್ ಕಂಪನಿ ತಯಾರಿಸಿದ ಇಂಥ ಪರದೆಗಳು ಕ್ಯಾಮೆರಾಗಳಲ್ಲಿ ಬಳಕೆಗೆ ಬಂದವು. ಬೆಳಕಿನ ಕಿರಣವನ್ನು ವೇಗವಾಗಿ ನಿಯಂತ್ರಿಸುವ ಪ್ರಯೋಗಾಲಯದ ಉಪಕರಣಗಳಲ್ಲಿ ಫೆರೋವಿದ್ಯುತ್ ಕೋಶಗಳು ಇಂದಿಗೂ ಉಪಯುಕ್ತ.

ಮೌಲ್ಯಮಾಪನ

ಅರ್ಧ ಶತಮಾನದ ಈ ಅಧ್ಯಯನದಿಂದ ಖಚಿತವಾಗಿರುವ ಮಾತೆಂದರೆ, ಹಿಸ್ಟರೆಸಿಸ್ ಪದಾರ್ಥ ಮತ್ತು ಕೋಶ ಎರಡೂ ಸೇರಿ ಬರೆಯುವ ದಾಖಲೆ. ಮಡಚಿದ ಪದರಗಳು, ಮಾಯವಾದ ಕುಣಿಕೆ, ಅಯಾನುಗಳ ನೆರಳು ಎಲ್ಲವೂ ಇದನ್ನೇ ಸಾರಿವೆ. ಫೆರೋವಿದ್ಯುತ್ ನೆಮ್ಯಾಟಿಕ್‌ಗಳಲ್ಲಿ ಕಾಣುವ ಅಸಾಧಾರಣ ಕೆಪಾಸಿಟೆನ್ಸ್ ದ್ರವದ್ದೋ ಲೇಪದ್ದೋ ಎಂಬ ಈಚಿನ ಚರ್ಚೆಯ ತಿರುಳೂ ಅದೇ. ಆದ್ದರಿಂದ ಕುಣಿಕೆಯನ್ನು ಪ್ರಕಟಿಸುವವರು ಕೋಶದ ದಪ್ಪ, ತಾಪ, ಆವೃತ್ತಿ, ಲೇಪ ಇವುಗಳನ್ನು ತಪ್ಪದೆ ಹೇಳಬೇಕು. ಕರೆಂಟಿನ ಶೃಂಗ ಮತ್ತು ಸೂಕ್ಷ್ಮದರ್ಶಕದ ಸಾಕ್ಷ್ಯ ಎರಡೂ ಒಪ್ಪಿದ ಮೇಲಷ್ಟೇ ಒಂದು ಪದಾರ್ಥವನ್ನು ಫೆರೋವಿದ್ಯುತ್ ದ್ರವ ಸ್ಫಟಿಕವೆಂದು ಕರೆಯುವುದು ಸರಿ.